ಮೊಣಕಾಲಿಗೆ ಬೇಕಾದ ನೀರು

ಮೇ 20, ಮಂಗಳವಾರ

ಲಾಳಿ ಹಿಡಿದು ರೂಢಿಯಾದ ಕೈ ಸುಮ್ಮನೆ ಕೂರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಯಾರಾದರೂ ಓದಲಿ ಎಂದಲ್ಲ.

ಡಾಕ್ಟರ್ ಅನ್ವರ್ ಇಂದು ನನ್ನ ಬಲ ಮೊಣಕಾಲನ್ನು ಮಡಚಿ ನೋಡಿದರು. ಅರ್ಧಕ್ಕೇ ನಿಂತಿತು. ಚಳಿಗಾಲದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ದೋಷವಿಲ್ಲ, ಒಳಗಿಟ್ಟ ಹೊಸ ಕೀಲೂ ಗಟ್ಟಿಯಾಗಿದೆ, ಸುತ್ತಲಿನ ಸ್ನಾಯು ಮಾತ್ರ ಹಟ ಹಿಡಿದಿದೆ ಎಂದರು. ಮೇಜಿನ ಮೇಲೆ ಮಲಗಿ ತಿಕ್ಕಿಸಿಕೊಂಡಿದ್ದು ಸಾಕು, ಇನ್ನು ನೀರಿನಲ್ಲಿ ನಿಂತು ವ್ಯಾಯಾಮ ಮಾಡಬೇಕಂತೆ, ವಾರಕ್ಕೆ ಮೂರು ಸಲ, ಬರುವ ವಸಂತದವರೆಗೆ ಬಿಡದೆ. ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ.

"ನಡೀತೀರಿ, ಅಡುಗೆ ಮಾಡ್ತೀರಿ. ಮಗ್ಗದ ಮುಂದೆ ಕೂರೋದನ್ನ ಮಾತ್ರ ಮರೆತುಬಿಡಿ," ಎಂದರು.

ಮಗ್ಗದ ಕೆಳಗಿನ ಹಲಗೆಯನ್ನು ಒತ್ತುವುದು ಬಲಗಾಲು. ಅದು ಒತ್ತದಿದ್ದರೆ ಉದ್ದಕ್ಕೆ ಎಳೆದ ಹಾಸಿನ ನೂಲು ಬಾಯಿ ತೆರೆಯುವುದಿಲ್ಲ, ಲಾಳಿಗೆ ದಾರಿಯಿಲ್ಲ. ನಮ್ಮ ಮಹ್ದಿಯಾ ಊರಿನ ಮದುಮಗಳು ಹೊದೆಯುವ ರೇಷ್ಮೆಯನ್ನು ಈ ಮಗ್ಗದಲ್ಲಿ ಮೊದಲು ನನ್ನ ಅತ್ತೆ ನೇಯ್ದರು, ಆಮೇಲೆ ನಾನು. ಈಗ ಅದರ ಮೇಲೊಂದು ಹಳೇ ಚಾದರ ಹೊದಿಸಿದ್ದೇನೆ. ನೋಡಿದಾಗಲೆಲ್ಲ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದು ಮಲಗಿದ ಹಾಗೆ ಅನಿಸುತ್ತದೆ.

ಊರಿನಲ್ಲಿ ಬೆಚ್ಚಗಿನ ನೀರಿನ ಕೊಳ ಇರುವುದು ಒಂದೇ, ಕಡಲ ದಂಡೆಯ ದೊಡ್ಡ ಹೋಟೆಲಿನಲ್ಲಿ. ವ್ಯಾಯಾಮ ಹೇಳಿಕೊಡುವ ಹುಡುಗಿಯೂ ಅಲ್ಲೇ ಇದ್ದಾಳೆ. ನನ್ನಂಥವಳು ಕೈಯಿಂದ ಕೊಟ್ಟು ಹೋಗುವ ಜಾಗವಲ್ಲ ಅದು. ಆದರೆ ಕೈಕಸುಬಿನವರ ಆರೋಗ್ಯ ನಿಧಿಗೆ ಮದುವೆಯಾದಂದಿನಿಂದ ಕಂತು ಕಟ್ಟಿದ್ದೇನೆ. ಡಾಕ್ಟರ ಚೀಟಿಯೂ ಇದೆ. ಇಲ್ಲವೆನ್ನಲು ಅವರಿಗೆ ಕಾರಣವೇ ಇಲ್ಲ.

ಸಂಜೆ ಅಂಗಳದ ಗೋಡೆಯಾಚೆಯಿಂದ ಝ್ಲೀಖಾ ಖಾಲ್ತಿ ಎಂದಿನಂತೆ ಕೂಗಿ ಹೇಗಿದ್ದೀಯಾ ಎಂದು ಕೇಳಿದಳು. ರಕ್ತಸಂಬಂಧದ ಚಿಕ್ಕಮ್ಮನಲ್ಲ, ಒಂದೇ ಗೋಡೆ ಹಂಚಿಕೊಂಡದ್ದರಿಂದ ಆದ ಚಿಕ್ಕಮ್ಮ. "ಲಾಬಾಸ್, ಹಮ್ದುಲ್ಲಾ" ಎಂದೆ. ಏನೂ ತೊಂದರೆಯಿಲ್ಲ, ದೇವರಿಗೆ ಸ್ತುತಿ. ಬೇರೆ ಏನು ಹೇಳಲಿ?

ಜೂನ್ 12, ಗುರುವಾರ

ನಿಧಿಯ ಕಚೇರಿಗೆ ಹೋಗಿ ಅವರ ವೈದ್ಯರಿಗೆ ಕಾಲು ತೋರಿಸಿ ಬಂದೆ. ಹಿಂದಿನ ದಿನವೇ ಹಮಾಮಿಗೆ ಹೋಗಿ ಮಿಂದಿದ್ದೆ. ಮದುವೆ ಮನೆಗಳಿಗೆ ಉಡುವ ಬಟ್ಟೆ ಹಾಕಿಕೊಂಡೆ. ಕೋಲನ್ನು ಬಾಗಿಲ ಹೊರಗೆ ಗೋಡೆಗೆ ಒರಗಿಸಿ, ಹಲ್ಲು ಕಚ್ಚಿ, ನೆಟ್ಟಗೆ ನಡೆದು ಒಳಗೆ ಹೋದೆ. ಸರ್ಕಾರಿ ಮನುಷ್ಯನ ಮುಂದೆ ಕುಂಟುತ್ತಾ ಹೋಗುವುದು ಮರ್ಯಾದೆಯಲ್ಲ.

ವೈದ್ಯರು ಸಜ್ಜನರು, ಅರ್ಧ ನರೆತ ತಲೆ, ಕುರ್ಚಿ ತೋರಿಸಿ ಕೂರಿಸಿದರು. ಹೇಗಿದ್ದೀರಿ ಎಂದರು. ಲಾಬಾಸ್, ಹಮ್ದುಲ್ಲಾ ಎಂದೆ. ನೋವು ಹೇಗಿದೆ ಎಂದರು. ಹಮ್ದುಲ್ಲಾ ಎಂದೆ. ನಿದ್ರೆ ಬರುತ್ತದೆಯೇ? ಹಮ್ದುಲ್ಲಾ. ಮೆಟ್ಟಿಲು ಹತ್ತಲು ಕಷ್ಟವೇ? ದೇವರು ನಡೆಸುತ್ತಾನೆ ಎಂದೆ. ಕೇಳಿದ್ದನ್ನೆಲ್ಲ ಬರೆದುಕೊಂಡು, ನಗುತ್ತಾ ಎದ್ದುನಿಂತು ಕಳಿಸಿಕೊಟ್ಟರು. ಅವರ ತಾಯಿಯ ಆಯಸ್ಸು ಹೆಚ್ಚಲೆಂದು ಹರಸಿ ಬಂದೆ.

ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಅಂದುಕೊಂಡಿರಲಿಲ್ಲ.

ಜೂನ್ 30, ಸೋಮವಾರ

ಆಗುವುದಿಲ್ಲ ಎಂದು ಬರೆದಿದ್ದಾರೆ.

ಅಣ್ಣನ ಮಗಳು ಇಬ್ತಿಹಾಲ್ ಶಾಲೆ ಮುಗಿಸಿಕೊಂಡು ಬಂದು, ನನಗೆ ಸರಿಯಾಗಿ ಅರ್ಥವಾಗದ ಆ ಕಚೇರಿ ಭಾಷೆಯನ್ನು ಓದಿ ಹೇಳಿದಳು. ರೋಗಿ ತಾನೇ ತನಗೆ ತೊಂದರೆಯಿಲ್ಲವೆಂದು ತಿಳಿಸಿದ್ದಾರೆ, ಕೋಲಿಲ್ಲದೆ ನಡೆದು ಬಂದಿದ್ದಾರೆ, ಆದ್ದರಿಂದ ಕೊಳದ ವ್ಯಾಯಾಮ ಅನಗತ್ಯ. ಗೋಡೆಯ ಮೇಲಿಂದ ತಲೆ ಹಾಕಿ ಕೇಳಿಸಿಕೊಂಡ ಝ್ಲೀಖಾ ಖಾಲ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಡಾಕ್ಟರ ಮುಂದೆ ಹೋಗಿ ಲಾಬಾಸ್ ಅಂದ್ಯಾ? ಹೆಣ ತೊಳೆಯೋಕೆ ಬಂದೋರಿಗೂ ಲಾಬಾಸ್ ಅಂತೀಯ ಕಣೇ ನೀನು."

ನನಗೆ ನಗು ಬರಲಿಲ್ಲ. ಕೇಳಿದವರ ಮುಂದೆ ನರಳುವುದೆಂದರೆ ನೋವು ಕೊಟ್ಟ ದೇವರ ಮೇಲೆ ದೂರು ಹೇಳಿದಂತೆ ಎಂದು ಅಮ್ಮ ಕಲಿಸಿದ್ದಳು. ಅವಳು ಕೊನೆಯುಸಿರಿನವರೆಗೂ ಹಾಗೇ ಇದ್ದಳು. ಅದನ್ನೇ ನನ್ನ ವಿರುದ್ಧ ಬರೆದಿಟ್ಟರಲ್ಲ.

ಆದರೂ ಆ ವೈದ್ಯರನ್ನು ಬೈಯಲಾರೆ. ನಾನು ಹೇಳಿದ್ದನ್ನೇ ಅವರು ಬರೆದುಕೊಂಡಿದ್ದಾರೆ. ಹಮ್ದುಲ್ಲಾ.

ಜುಲೈ 4, ಶುಕ್ರವಾರ

ಊರೆಲ್ಲ ಮರ್ಯಾದೆಯಿಂದ 'ಸೀ' ಸೇರಿಸಿ ಕರೆಯುವ ಹೋಟೆಲಿನ ಮ್ಯಾನೇಜರ್ ಸೀ ರಊಫ್ ಮನೆಗೆ ಬಂದಿದ್ದರು. ಶುಕ್ರವಾರದ ಸಂತೆಯಲ್ಲಿ, ಕೋಟೆ ಬಾಗಿಲ ಹತ್ತಿರ ನಾವು ರೇಷ್ಮೆ ಮಾರುತ್ತಿದ್ದ ಜಾಗದಲ್ಲಿ, ನನ್ನ ವಿಷಯ ಕೇಳಿದರಂತೆ. ಕಾಫಿಗೆ ಕಿತ್ತಳೆ ಹೂವಿನ ನೀರು ಕೇಳಿ ಹಾಕಿಸಿಕೊಂಡರು. ಮೆತ್ತಗೆ ಮಾತಾಡುವ ಮನುಷ್ಯ.

ಹೋಟೆಲಿನ ಮೊಗಸಾಲೆಯಲ್ಲಿ, ಬಂದವರಿಗೆ ಕಣ್ಣಿಗೆ ಬೀಳುವ ಹಾಗೆ, ಆಲಿವ್ ಮರದ ಹಳೆಯ ಮಗ್ಗವೊಂದನ್ನು ಇಡಬೇಕಂತೆ. ನನ್ನದು ಅವರಿಗೆ ಹಿಡಿಸಿದೆ. ಹಣದ ಮಾತು ಬೇಡ, ಮಗ್ಗ ಕೊಡಿ, ಚಳಿಗಾಲವೆಲ್ಲ ನಮ್ಮ ಕೊಳಕ್ಕೆ ಬನ್ನಿ, ಹೇಳಿಕೊಡುವ ಹುಡುಗಿಯೂ ನಿಮ್ಮವಳೇ ಎಂದರು.

ಮೇಲುನೋಟಕ್ಕೆ ಉಪಕಾರದ ಮಾತೇ. ಆದರೆ ಮಗ್ಗ ಕೊಟ್ಟು ಕಾಲು ಪಡೆದರೆ, ಆ ಕಾಲಿನಿಂದ ಏನನ್ನು ಒತ್ತಲಿ? ಕೊಡದಿದ್ದರೆ, ಒತ್ತಲು ಕಾಲೇ ಇಲ್ಲದ ಮಗ್ಗವನ್ನು ಇಟ್ಟುಕೊಂಡು ಏನು ಮಾಡಲಿ? ಅವರು ಹೋದಮೇಲೆ ಚಾದರ ಸರಿಸಿ ನೋಡಿದೆ. ಅತ್ತೆಯ ಪಾದ ಬಿದ್ದು ಬಿದ್ದು ಹಲಗೆ ನಡುವೆ ಸವೆದಿದೆ, ನನ್ನ ಹಿಮ್ಮಡಿಗೂ ಅದೇ ಗುಳಿ ಸರಿಹೋಗಿತ್ತು.

ಕಡಲು ತಣ್ಣಗಾಗುವುದರೊಳಗೆ ಹೇಳುತ್ತೇನೆ ಎಂದಿದ್ದೇನೆ. ಕಾಯುತ್ತಾರಂತೆ.

ಜುಲೈ 13, ಭಾನುವಾರ

ಇಬ್ತಿಹಾಲ್ ಮೇಲ್ಮನವಿ ಬರೆದು ಕಳಿಸಿದಳು. ಸಮಿತಿಯ ಮುಂದೆ ನಾನೇ ಹೋಗಿ ಮಾತಾಡಬೇಕಂತೆ, ದಿನಾಂಕ ಅವರೇ ತಿಳಿಸುತ್ತಾರೆ. ನನಗೆ ನರಳುವುದನ್ನು ಕಲಿಸಬೇಕೆಂದು ಅವಳೂ ಖಾಲ್ತಿಯೂ ಸೇರಿ ತೀರ್ಮಾನಿಸಿದರು. ಇಬ್ತಿಹಾಲ್ ವೈದ್ಯಳಾಗಿ ಮೇಜಿನ ಹಿಂದೆ ಕೂತಳು. ಖಾಲ್ತಿ ನನ್ನ ಬೆನ್ನ ಹಿಂದೆ ನಿಂತಳು.

"ಅಯ್ಯೋ ಅನ್ನೇ. ಸೊಂಟ ಹಿಡ್ಕೊಂಡು ಅನ್ನು," ಎಂದಳು ಖಾಲ್ತಿ.

ಅಯ್ಯೋ ಎಂದೆ. ಬೆನ್ನಿಗೇ ಹಮ್ದುಲ್ಲಾ ಎಂದೂ ಬಂದುಬಿಟ್ಟಿತು. ಮತ್ತೆ ಮತ್ತೆ ಮಾಡಿದರೂ ಅದೇ. ಇಬ್ತಿಹಾಲ್ ನಕ್ಕೂ ನಕ್ಕೂ ಸುಸ್ತಾಗಿ, "ಅತ್ತೆ, ನಿಮ್ಮ ಬಾಯಿಗೆ ಹೊಲಿಗೆ ಹಾಕಬೇಕು," ಎಂದಳು.

ಮನೆತುಂಬ ನಗು ಕೇಳಿ ಎಷ್ಟು ದಿನವಾಗಿತ್ತೋ.

ಜುಲೈ 25, ಶುಕ್ರವಾರ

ಇಂದು ಅವೂಸ್ಸು ಶುರು. ಬೆಳಗಿನ ಜಾವವೇ ಖಾಲ್ತಿ ಬಾಗಿಲು ತಟ್ಟಿದಳು. ವರ್ಷದ ಈ ಬೇಗೆಯ ದಿನಗಳಲ್ಲಿ ಕಡಲಿಗೆ ಔಷಧಿಯ ಗುಣ ಬರುತ್ತದೆಂದು, ಏಳು ಅಲೆ ಮೈಮೇಲೆ ಹಾಯಿಸಿಕೊಂಡರೆ ವರ್ಷದ ನೋವು ಹೋಗುತ್ತದೆಂದು ನಮ್ಮ ಹೆಂಗಸರು ನಂಬಿದ್ದಾರೆ. ನಾನು ಮಗ್ಗ ಬಿಟ್ಟು ಯಾವತ್ತೂ ಹೋದವಳಲ್ಲ. ಇಂದು ನೆಪ ಹೇಳಲು ಮಗ್ಗದ ಕೆಲಸವೂ ಇರಲಿಲ್ಲ.

ಕೋಲು ಊರಿಕೊಂಡು ಕಡಲ ದಂಡೆಯ ಸಮಾಧಿಗಳ ನಡುವಿನ ದಾರಿಯಲ್ಲಿ ಇಳಿದೆ. ಬಂಡೆಗಳ ಕೆಳಗೆ, ಎದೆಮಟ್ಟದ ನೀರಿನಲ್ಲಿ, ಉದ್ದ ನಿಲುವಂಗಿ, ತಲೆವಸ್ತ್ರ ಸಮೇತ ಹತ್ತಾರು ಹೆಂಗಸರು ಆಗಲೇ ನಿಂತಿದ್ದರು. ಬಂಡೆಯ ಮೇಲೊಬ್ಬಳು ತಿನ್ನಲೆಂದು ಬ್ಸೀಸಾ ಎಂಬ ಹುರಿದ ಕಾಳಿನ ಹಿಟ್ಟಿಗೆ ಎಣ್ಣೆ ಕಲಸುತ್ತಾ ಕೂತಿದ್ದಳು. ಖಾಲ್ತಿ ನನ್ನ ರಟ್ಟೆ ಹಿಡಿದು ಇಳಿಸಿದಳು. ನೀರು ಸೊಂಟಕ್ಕೆ ಬರುತ್ತಲೇ ಮೊಣಕಾಲಿನ ಮೇಲಿದ್ದ ನನ್ನ ಭಾರವನ್ನೆಲ್ಲ ಯಾರೋ ಇಳಿಸಿಕೊಂಡಂತಾಯಿತು. ಅತ್ತೆ ಸತ್ತ ಮೇಲೆ ಯಾರ ಮುಂದೆಯೂ ಅತ್ತವಳಲ್ಲ ನಾನು. ಇಂದು ಅತ್ತುಬಿಟ್ಟೆ. ಉಪ್ಪುನೀರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಆಗಸ್ಟ್ 5, ಮಂಗಳವಾರ

ದಿನವೂ ಹೋಗುತ್ತಿದ್ದೇನೆ. ಡಾಕ್ಟರ್ ಅನ್ವರ್ ಚಿತ್ರ ಬರೆದು ಕೊಟ್ಟಿದ್ದ ವ್ಯಾಯಾಮಗಳನ್ನು ಒಂದೊಂದಾಗಿ ಮಾಡುತ್ತೇನೆ. ಹಿಮ್ಮುಖವಾಗಿ ನಡೆಯುವುದು, ಮೊಣಕಾಲನ್ನು ಎದೆಯತ್ತ ಎತ್ತುವುದು. ಸ್ನಾಯು ಚುರುಗುಟ್ಟುತ್ತದೆ. ಸುಳ್ಳೇಕೆ, ಚೆನ್ನಾಗಿಯೇ ನೋಯುತ್ತದೆ.

ಆಗಸ್ಟ್ 17, ಭಾನುವಾರ

ಇವತ್ತಿನ ತಮಾಷೆ ಬರೆಯಲೇಬೇಕು.

ನಾನು ಹಿಂದಕ್ಕೆ ನಡೆಯುವುದನ್ನು ನೋಡಿ ಮೊದಲು ನಗುತ್ತಿದ್ದ ಹೆಂಗಸರು ಈಗ ಸಾಲಾಗಿ ನಿಂತು ಅದನ್ನೇ ಮಾಡುತ್ತಾರೆ. ಯಾರಿಗೆ ಯಾವ ವ್ಯಾಯಾಮ ಸರಿ ಎಂದು ತಿಳಿಯಬೇಡವೇ? ಅದಕ್ಕೆ ಒಬ್ಬೊಬ್ಬರನ್ನೇ ಎಲ್ಲಿ ನೋವು ಎಂದು ಕೇಳಿದೆ. ಮೊದಲನೆಯವಳು ಲಾಬಾಸ್ ಎಂದಳು. ಎರಡನೆಯವಳೂ ಲಾಬಾಸ್, ಹಮ್ದುಲ್ಲಾ ಎಂದಳು. ಸಾಲಿಗೆ ಸಾಲೇ ಲಾಬಾಸ್. ನೋವೇ ಇಲ್ಲದವರು ಕತ್ತಲು ಹರಿಯುವ ಮೊದಲೇ ಕಡಲಿಗೆ ಯಾಕೆ ಬಂದರೋ? ಕೊನೆಗೆ ಝ್ಲೀಖಾ ಖಾಲ್ತಿಯನ್ನು ಕೇಳಿದೆ. ನನ್ನನ್ನು ಅಷ್ಟು ಆಡಿಕೊಂಡವಳು. ಅವಳೂ ಎತ್ತಲೋ ನೋಡುತ್ತಾ "ಲಾಬಾಸ್" ಎಂದಳು.

"ಖಾಲ್ತಿ, ನಿನ್ನ ಹೆಣ ತೊಳೆಯೋಕೆ ನಾನಿನ್ನೂ ಬಂದಿಲ್ಲ. ಎಲ್ಲಿ ನೋವು ಹೇಳು," ಎಂದೆ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಎಡಭುಜ ಕಣೇ. ಗಂಡ ಹೋದ ವರ್ಷದಿಂದ ಕೈ ಮೇಲೆ ಹೋಗಲ್ಲ. ಬಟ್ಟೆ ಒಣಹಾಕೋ ಹಗ್ಗಾನ ಸೊಂಟದ ಮಟ್ಟಕ್ಕೆ ಇಳಿಸ್ಕೊಂಡಿದ್ದೀನಿ."

ಪ್ರತಿದಿನ ನನ್ನ ಗೋಡೆಯಾಚೆ ಇದ್ದವಳು. ನಾನು ಕೇಳಿಯೇ ಇರಲಿಲ್ಲ, ಕೇಳಿದ್ದರೂ ಲಾಬಾಸ್ ಎಂಬ ಉತ್ತರಕ್ಕೇ ಸುಮ್ಮನಾಗಿದ್ದೆ. ಆಮೇಲೆ ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಸೊಂಟ, ಹಿಮ್ಮಡಿ, ಕತ್ತು. ಒಬ್ಬಳು ಕಾಲು ಸರಿಯಿದೆ, ಮನಸ್ಸಿಗೆ ನೋವು ಎಂದಳು. ಅವಳಿಗೆ ಯಾವ ವ್ಯಾಯಾಮ ಹೇಳಬೇಕೋ ತಿಳಿಯದೆ ಕೈ ಹಿಡಿದುಕೊಂಡು ಜೊತೆಯಲ್ಲಿ ಹಿಂದಕ್ಕೆ ನಡೆದೆ.

ಆಗಸ್ಟ್ 30, ಶನಿವಾರ

ಕಡಲಿನಿಂದ ಬಂದು ನೋಡಿದರೆ ಕೋಲು ಮನೆಯಲ್ಲೇ ಇದೆ. ಯಾರು ತಂದಿಟ್ಟರೋ ತಿಳಿಯದು. ಕೇಳಿದರೆ, ನೀನು ಒಯ್ದಿದ್ದರಲ್ಲವೇ ಯಾರಾದರೂ ತರೋದು ಎಂದು ಖಾಲ್ತಿ ನಗುತ್ತಾಳೆ.

ಸೆಪ್ಟೆಂಬರ್ 18, ಗುರುವಾರ

ಅವೂಸ್ಸು ಮುಗಿದು ಎಷ್ಟೋ ದಿನವಾದರೂ ನಾವು ಇಳಿಯುವುದನ್ನು ಬಿಟ್ಟಿಲ್ಲ. ಸಮಿತಿ ಅಕ್ಟೋಬರ್ ಏಳಕ್ಕೆ ಬರಹೇಳಿದೆ. ನನಗೀಗ ಹೊಸ ಹೆದರಿಕೆ ಶುರುವಾಗಿದೆ. ಮೊಣಕಾಲು ಮರದ ದಿಮ್ಮಿಯಾಗಿದ್ದಾಗ ಚೆನ್ನಾಗಿದ್ದೇನೆ ಎಂದೆ. ಈಗ ನಿಜವಾಗಿ ಮಡಚುತ್ತಿದೆ, ಈಗ ಹೋಗಿ ಏನು ಹೇಳಲಿ? ಪೂರ್ತಿ ಆಗಿಲ್ಲ. ಇನ್ನೂ ಹಲಗೆ ಒತ್ತಲು ಬೇಕಾದಷ್ಟು ಬಲವಿಲ್ಲ. ಅರ್ಧಕ್ಕೆ ಬಿಟ್ಟರೆ ಚಳಿಗಾಲದಲ್ಲಿ ಮತ್ತೆ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರ್ ಅನ್ವರ್ ಎಚ್ಚರಿಸಿದ್ದಾರೆ. ನವೆಂಬರಿನ ಕಡಲಿಗೆ ನಮ್ಮ ಮೀನುಗಾರರೂ ಮನಸ್ಸಿಲ್ಲದೆ ಇಳಿಯುತ್ತಾರೆ.

ಕುಂಟಿಕೊಂಡು ಹೋಗು, ಒಂದು ದಿನದ ಮಾತು ಎಂದಳು ಖಾಲ್ತಿ. ಅಂಗಳದಲ್ಲಿ ಕುಂಟಿ ನೋಡಿದೆ. ಯಾವ ಕಾಲೆಂಬುದೇ ಮರೆತು ಎಡಗಾಲು ಕುಂಟಿದೆ.

ಅಕ್ಟೋಬರ್ 7, ಮಂಗಳವಾರ

ಮೇಜಿನ ಆಚೆ ಮೂವರು. ನಡುವೆ ಅದೇ ಅರ್ಧ ನರೆತ ತಲೆಯ ವೈದ್ಯರು, ಎಡಕ್ಕೆ ಕಡತ ಹಿಡಿದ ಹೆಂಗಸು, ಬಲಕ್ಕೆ ಮಾತೇ ಆಡದ ಒಬ್ಬ ಯಜಮಾನ. ಇಬ್ತಿಹಾಲಳನ್ನು ಹೊರಗೇ ಕೂರಿಸಿದರು. ಕುಂಟಬೇಕೆಂದಿದ್ದೆ. ಬಾಗಿಲು ದಾಟುವಾಗ ನಾಚಿಕೆಯಾಗಿ ಸರಿಯಾಗಿಯೇ ನಡೆದೆ.

ಹೇಗಿದ್ದೀರಿ ಲಲ್ಲಾ ಬೆಹಿಜಾ ಎಂದರು ವೈದ್ಯರು, ಹಿರಿಯ ಹೆಂಗಸನ್ನು ಕರೆಯುವ ಮರ್ಯಾದೆಯಲ್ಲೇ.

ಬಾಯಿ ತಾನಾಗಿ ತೆರೆಯಿತು. ತುಟಿ ಕಚ್ಚಿಕೊಂಡೆ. ಕಡತದ ಹೆಂಗಸು ತಲೆಯೆತ್ತಿ ನೋಡಿದಳು. ಆಮೇಲೆ, ನೀರಿನಲ್ಲಿ ನಿಂತು ಹೇಳುತ್ತೇವಲ್ಲ, ಹಾಗೆ ಒಂದೊಂದಾಗಿ ಹೇಳಿದೆ. ಬೆಳಿಗ್ಗೆ ಏಳುವಾಗ ಕಾಲು ನನ್ನದಲ್ಲ ಅನಿಸುತ್ತದೆ. ಮಗ್ಗುಲು ಬದಲಿಸಿದಾಗೆಲ್ಲ ಎಚ್ಚರವಾಗುತ್ತದೆ. ನಮಾಜಿಗೆ ಕುರ್ಚಿಯ ಮೇಲೆ ಕೂರುತ್ತೇನೆ. ಚಳಿಗಾಲದಲ್ಲಿ ಹೀಗಿತ್ತು, ಬೇಸಿಗೆಯಲ್ಲಿ ಕಡಲಿಗೆ ಇಳಿದು ಇಷ್ಟಾಗಿದೆ ಎಂದು, ಕುರ್ಚಿಯಲ್ಲಿ ಕೂತಲ್ಲೇ ಮೊಣಕಾಲು ಮಡಚಿ ತೋರಿಸಿದೆ. ಇನ್ನೂ ಇಷ್ಟು ಆಗಬೇಕು, ಆದರೆ ಕಡಲು ಇನ್ನು ಬಾಗಿಲು ಹಾಕುತ್ತದೆ ಎಂದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬೆವರಿದ್ದೆ.

ಜೂನಿನಲ್ಲಿ ನೀವು ಏನೂ ತೊಂದರೆಯಿಲ್ಲ ಎಂದಿದ್ದಿರಿ, ಇಲ್ಲಿ ಬರೆದಿದೆ ಎಂದಳು ಕಡತದ ಹೆಂಗಸು. ಮಾತಿನಲ್ಲಿ ವ್ಯಂಗ್ಯವೇನೂ ಇರಲಿಲ್ಲ, ಕೆಲಸದ ಮಾತು. ನಾನು ವೈದ್ಯರ ಕಡೆ ತಿರುಗಿದೆ.

"ನಿಮ್ಮ ತಾಯಿ ಇದ್ದಾರಾ, ಸೀದಿ?"

"ಇದ್ದಾರೆ," ಎಂದರು ಅವರು.

"ಮನೆಗೆ ಹೋಗಿ ಕೇಳಿ ನೋಡಿ, ಹೇಗಿದ್ದೀಯಮ್ಮಾ ಅಂತ. ಏನು ಹೇಳ್ತಾರೆ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ನಾನು ಮಿತಿ ಮೀರಿದೆನೇನೋ, ಎದ್ದು ಹೋಗಿ ಅನ್ನುತ್ತಾರೇನೋ ಎಂದುಕೊಂಡೆ.

"ಲಾಬಾಸ್ ಅಂತಾಳೆ," ಎಂದರು. "ಹೋದ ವರ್ಷ ಸೊಂಟ ಮುರ್ಕೊಂಡು ನೆಲದ ಮೇಲೆ ಬಿದ್ದಿದ್ದಾಗ ಫೋನ್ ಮಾಡಿದ್ದೆ. ಆಗಲೂ ಲಾಬಾಸ್ ಅಂದ್ಲು. ನಾನು ನಂಬಿದೆ. ಮಾರನೇ ದಿನ ಹೋಗಿ ನೋಡೋವರೆಗೂ ಹಾಗೇ ಬಿದ್ದಿದ್ಲು."

ಅವರ ತಾಯಿಯ ಆಯಸ್ಸು ಹೆಚ್ಚಲೆಂದು ಜೂನಿನಲ್ಲಿ ಬಾಯಿಮಾತಿಗೆ ಹರಸಿದ್ದೆ. ಇಂದು ಮನಸಾರೆ ಹರಸಿದೆ. ತೀರ್ಮಾನ ತಿಳಿಸುತ್ತೇವೆ ಎಂದು ಕಳಿಸಿದರು.

ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಹೊರಗೆ ಬಂದಾಗ ಮೈ ಹಗುರವಾಗಿತ್ತು. ಬರುವ ದಾರಿಯಲ್ಲಿ ಮೂರು ಬಣ್ಣದ ರೇಷ್ಮೆ ನೂಲು ಕೊಂಡೆ. ಯಾಕೆ ಕೊಂಡಿರಿ ಅತ್ತೆ ಎಂದು ಇಬ್ತಿಹಾಲ್ ಕೇಳಿದಳು. ಬಣ್ಣ ಚೆನ್ನಾಗಿತ್ತು ಎಂದೆ.

ಅಕ್ಟೋಬರ್ 31, ಶುಕ್ರವಾರ

ಬೆಳಿಗ್ಗೆ ಕಡಲು ಮೈ ಕೊರೆಯುವಷ್ಟು ತಣ್ಣಗಿತ್ತು. ಮೊಣಕಾಲಿಗಿಂತ ಮೇಲಕ್ಕೆ ಇಳಿಯಲಾಗಲಿಲ್ಲ. ಈ ವರ್ಷಕ್ಕೆ ಇಷ್ಟೇ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಬೀಳ್ಕೊಟ್ಟೆವು. ಸಮಿತಿಯಿಂದ ಸುದ್ದಿಯಿಲ್ಲ.

ಮಧ್ಯಾಹ್ನ ಸೀ ರಊಫ್ ಮಗ್ಗದ ಅಳತೆ ತೆಗೆಯಲು ಇಬ್ಬರು ಆಳುಗಳನ್ನು ಕರೆತಂದರು. ಮಾತಿನಂತೆ ಕಾದಿದ್ದರು, ಅವರದೇನೂ ತಪ್ಪಿಲ್ಲ. ಆಳುಗಳು ಚಾದರ ತೆಗೆದರು. ಮಗ್ಗಕ್ಕೆ ಹಾಸು ಹೂಡಿತ್ತು. ನೂಲು ಬಿದ್ದಿದ್ದರೆ ಹಾಳಾಗುತ್ತದಲ್ಲ ಎಂದು ಹೋದ ವಾರ ಎಳೆದಿಟ್ಟಿದ್ದೆ, ಅಷ್ಟೇ.

"ಇದು ಬಿಡುವಾಗಿಲ್ವಲ್ಲ ಲಲ್ಲಾ," ಎಂದರು ಅವರು.

"ಇಲ್ಲ ಸೀ ರಊಫ್. ಕೆಲಸದಲ್ಲಿದೆ," ಎಂದೆ.

ಕಡಲೂ ಹೋಯಿತು, ಕೊಳವೂ ಹೋಯಿತು. ಅವರು ಮುನಿಸಿಕೊಳ್ಳದೆ ಕಾಫಿ ಕುಡಿದು ಹೋದರು. ಮೊಗಸಾಲೆಗೆ ಇನ್ನೇನಾದರೂ ಹುಡುಕುತ್ತಾರಂತೆ. ಹಮ್ದುಲ್ಲಾ ಅನ್ನಲು ಹೋದೆ, ಬಾಯಿಗೆ ಬರಲಿಲ್ಲ. ಹೆದರಿಕೆಯಾಗಿದೆ. ಇವತ್ತು ಹೆದರಿಕೆಯಾಗಿದೆ ಎಂದೇ ಬರೆಯುತ್ತೇನೆ.

ನವೆಂಬರ್ 13, ಗುರುವಾರ

ಒಪ್ಪಿದ್ದಾರೆ. ಈ ಒಂದು ಚಳಿಗಾಲಕ್ಕೆ ಮಾತ್ರ, ಮುಂದಿನದು ಆಮೇಲೆ. ಇಬ್ತಿಹಾಲ್ ಓದಿ ಮುಗಿಸುವ ಮೊದಲೇ ಅಳತೊಡಗಿದ್ದರಿಂದ ಖಾಲ್ತಿ ಕೆಟ್ಟ ಸುದ್ದಿಯೆಂದುಕೊಂಡು ಗೋಡೆಯಾಚೆ ನಿಂತು ನಿಧಿಯವರ ಏಳು ತಲೆಮಾರಿಗೆ ಶಾಪ ಹಾಕಿದಳು. ಆಮೇಲೆ ಒಂದೊಂದಾಗಿ ವಾಪಸು ತೆಗೆದುಕೊಂಡಳು.

ನವೆಂಬರ್ 20, ಗುರುವಾರ

ಕೊಳಕ್ಕೆ ಇಳಿದೆ. ಮೊಗಸಾಲೆಯಲ್ಲಿ ಮಗ್ಗ ನಿಲ್ಲಬೇಕಿದ್ದ ಜಾಗದಲ್ಲಿ ಒಂದು ದೊಡ್ಡ ಮಣ್ಣಿನ ಹೂಜಿ ಇಟ್ಟಿದ್ದಾರೆ. ಸೀ ರಊಫ್ ನನ್ನನ್ನು ಕಂಡು, ಉಳಿದ ಅತಿಥಿಗಳಿಗೆ ಮಾಡುವಂತೆಯೇ, ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿದರು. ನೀರು ಬೆಚ್ಚಗಿದೆ, ಹುಡುಗಿ ಒಳ್ಳೆಯವಳು. ಆದರೆ ಅಲ್ಲಿ ಅಲೆಯಿಲ್ಲ, ಹರಟೆಯಿಲ್ಲ, ಬ್ಸೀಸಾ ಕಲಸುವವರಿಲ್ಲ. ಭುಜದ ನೋವಿಗೂ ಚೀಟಿ ಬರೆದುಕೊಡುತ್ತೀರಾ ಎಂದು ಡಾಕ್ಟರ್ ಅನ್ವರ್ ಅವರನ್ನು ಕೇಳಿದ್ದೇನೆ. ಕರೆದುಕೊಂಡು ಬನ್ನಿ ಎಂದಿದ್ದಾರೆ. ಬಂದರೆ ಲಾಬಾಸ್ ಅನ್ನಬಾರದು ಎಂದು ಖಾಲ್ತಿಗೆ ಈಗಿನಿಂದಲೇ ಪಾಠ ಮಾಡುತ್ತಿದ್ದೇನೆ.

ಸಂಜೆ ಮಗ್ಗದ ಮುಂದೆ ಕೂತು, ಬಲಗಾಲನ್ನು ಆ ಗುಳಿಯಲ್ಲಿಟ್ಟು ಒತ್ತಿದೆ. ಹಾಸು ಬಾಯಿ ತೆರೆಯಿತು. ಪೂರ್ತಿಯಲ್ಲ, ಲಾಳಿ ನುಸುಳುವಷ್ಟು. ಹೊಕ್ಕಿನ ಒಂದೆಳೆ ಕೂತಿತು. ಇನ್ನೊಂದು ಕೂತಿತು.

ಆ ಸದ್ದಿಗೆ ಗೋಡೆಯಾಚೆ ಪಾತ್ರೆ ತೊಳೆಯುವುದು ನಿಂತಿತು.

"ಬೆಹಿಜಾ, ಹೇಗಿದ್ದೀಯೇ?"

"ಮೊಣಕಾಲು ಚುರುಗುಟ್ಟುತ್ತಿದೆ ಖಾಲ್ತಿ. ತೊಡೆ ನಡುಗ್ತಿದೆ. ನೀನು ಹೇಗಿದ್ದೀಯಾ?"

ಅವಳು ಪಾತ್ರೆ ಕೆಳಗಿಟ್ಟ ಸದ್ದಾಯಿತು.

"ಭುಜ ನೋಯ್ತಿದೆ ಕಣೇ," ಎಂದಳು. "ಆದರೆ ಇವತ್ತು ಹಗ್ಗಾನ ಒಂದು ಗೇಣು ಮೇಲಕ್ಕೆ ಕಟ್ಟಿದೆ."

ಹಮ್ದುಲ್ಲಾ ಎಂದೆ. ಅವಳೂ ಅದನ್ನೇ ಎಂದಳು.